ಸ್ಪಿನ್ನರ್‌ಬೈಟ್ ಬಗ್ಗೆ ಒಂದು ತಕರಾರು

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಲಿ ಅಮೆರಿಕದ ಬಾಸ್ ಮೀನು ಹಿಡಿಯೋದ್ರ ಬಗ್ಗೆ ಅರ್ಧ ಪುಟ ಬಂದಿತ್ತಲ್ಲ, ಮಗಳು ಫೋನಲ್ಲಿ ತೋರಿಸಿದ್ಲು, ಇಲ್ಲೇ ಟೆಕ್ಸಾಸಲ್ಲಿ ಅವಳ ಮನೆ ಹಿತ್ತಲಲ್ಲಿ ಕೂತು ಎರಡು ಸಲ ಓದ್ದೆ. ಫೋಟೋ ಸೊಗಸಾಗಿತ್ತು (ಅದ್ರ ಬಗ್ಗೆ ಆಮೇಲೆ ಹೇಳ್ತೀನಿ). ಆದ್ರೆ ಸ್ಪಿನ್ನರ್‌ಬೈಟ್, ಅಂದ್ರೆ ಗಾಳಕ್ಕೆ ಕಟ್ಟೋ ಒಂಥರಾ ನಕಲಿ ಮೇವು, ಅದನ್ನ ದೂರ ಎಸೆದು ಒಂದೇ ಸಮ ರೀಲ್ ಸುತ್ತಿದ್ರೆ ಆಯ್ತು, ಮಕ್ಕಳಾಟ ಅಂತ ಬರೆದ್ಬಿಟ್ಟಿದ್ದೀರಿ. ಹಾಗೇ ಅಂದ್ಕೊಂಡು ನಾನು ಮೊದಲ ಎರಡು ತಿಂಗಳು ಬರಿಗೈಲಿ ಮನೆಗೆ ಬಂದೋನು, ಅದಕ್ಕೇ ಈ ಕಾಗದ.

ನಂದು ಮಳವಳ್ಳಿ ಕಡೆ. ಚಿಕ್ಕಂದಿನಲ್ಲಿ ನಾಲೆ ಏರಿ ಮೇಲೆ ಬಿದಿರು ಕಡ್ಡಿ, ತಂಗೂಸಿ, ಜೋಳದ ದಂಟಿನ ಬೆಂಡು, ಎರೆಹುಳ ಇಟ್ಕೊಂಡು ಗಾಳ ಹಾಕಿದ್ದೇ ನಮ್ಮ ವಿದ್ಯೆ. ಬೆಂಡು ಮುಳುಗೋವರೆಗೂ ಉಸಿರು ಬಿಡದೆ ಕೂರಬೇಕು ಅಷ್ಟೇ. ಇಲ್ಲಿಗೆ ಆರು ತಿಂಗಳು ಬಂದಾಗ ಹೊತ್ತು ಹೋಗ್ದೆ ಒದ್ದಾಡ್ತಿದ್ದೆ, ಪಕ್ಕದ್ಮನೆ ರಿಟೈರ್ಡ್ ಮನುಷ್ಯ ಒಬ್ರು ನೋಡಿ ಪಾಪ ಅನ್ನಿಸ್ತೋ ಏನೋ, ಡಲ್ಲಾಸ್‌ನಿಂದ ಪೂರ್ವಕ್ಕಿರೋ ಲೇಕ್ ಫೋರ್ಕ್ ಅನ್ನೋ ಜಲಾಶಯಕ್ಕೆ ಕರ್ಕೊಂಡು ಹೋದ್ರು. ಮೊದ್ಲು ಲೈಸೆನ್ಸ್ ತಗೊಂಡ್ವಿ, ಅದಿಲ್ದೆ ಕಡ್ಡಿ ನೀರಿಗೆ ಇಳಿಸೋ ಹಾಗಿಲ್ಲ. ಸುಮಾರು 27 ಸಾವಿರ ಎಕರೆ ನೀರು ಸ್ವಾಮಿ, 1980ರಲ್ಲಿ ಅಣೆಕಟ್ಟು ಹಾಕಿ ನೀರು ನಿಲ್ಲಿಸಿದ್ದು, ಬಹುಪಾಲು ಮರ ಕಡಿಯದೆ ಹಾಗೇ ಮುಳುಗಿಸಿದ್ರಿಂದ ಎಲ್ಲಿ ನೋಡಿದ್ರೂ ಒಣಗಿದ ಬೊಡ್ಡೆಗಳು. ಟೆಕ್ಸಾಸಿನ ರಾಜ್ಯ ದಾಖಲೆಯ ಲಾರ್ಜ್‌ಮೌತ್ (ದೊಡ್ಡ ಬಾಯಿ ಜಾತಿ) ಬಾಸ್ ಸಿಕ್ಕಿದ್ದೂ ಇಲ್ಲೇ, 1992ರ ಜನವರಿಲಿ, 18.18 ಪೌಂಡು, ಅಂದ್ರೆ ಎಂಟು ಕೆಜಿ ಮೇಲೆ.

ಈ ಸ್ಪಿನ್ನರ್‌ಬೈಟ್ ನೋಡೋಕೆ ಮೀನಿನ ಥರಾನೂ ಇಲ್ಲ, ಹುಳದ ಥರಾನೂ ಇಲ್ಲ. ಬಿಚ್ಚಿದ ಸೇಫ್ಟಿ ಪಿನ್ನು ನೆನಪು ಮಾಡ್ಕೊಳ್ಳಿ. ಕೆಳಗಿನ ತಂತೀಲಿ ಸೀಸದ ತಲೆ, ಕೊಕ್ಕೆ, ಕೊಕ್ಕೆ ಮೇಲೆ ರಬ್ಬರ್ ಎಳೆಗಳ ಲಂಗ. ಮೇಲಿನ ತಂತೀಲಿ ಗಿರಗಿರ ತಿರುಗೋ ಲೋಹದ ರೇಕು. ಇದನ್ನ ನೋಡಿ ಯಾವ ಮೀನು ಮೋಸ ಹೋಗುತ್ತೆ ಅಂತ ನಾನು ನಕ್ಕಿದ್ದೆ. ಆದ್ರೆ ಮೀನಿಗೆ ಕಣ್ಣಷ್ಟೇ ಅಲ್ವಲ್ಲ, ಪಕ್ಕೆ ಉದ್ದಕ್ಕೂ ಇರೋ ಗೆರೇಲಿ ನೀರಿನ ಅದುರು ಗೊತ್ತಾಗುತ್ತೆ, ರೇಕಿನ ಆಟ ಅಲ್ಲೇ ನಡೆಯೋದು.

ರೇಕಲ್ಲೂ ಜಾತಿ ಇದೆ. ಗುಂಡಗಿರೋದಕ್ಕೆ ಕೊಲರಾಡೋ ಅಂತಾರೆ, ನೀರನ್ನ ಜೋರಾಗಿ ಬಡಿಯುತ್ತೆ, ಕಡ್ಡಿ ಹಿಡ್ಕೊಂಡ ಕೈಗೇ ಡುಗುಡುಗು ಅಂತ ಗೊತ್ತಾಗುತ್ತೆ, ಕೆಂಪು ನೀರಿಗೆ, ಚಳಿ ನೀರಿಗೆ, ನಿಧಾನಕ್ಕೆ ಎಳೆಯೋದಕ್ಕೆ ಅದೇ ಸರಿ. ಉದ್ದ ಎಲೆ ಥರದ್ದು ವಿಲ್ಲೋ ಲೀಫ್, ಅದುರು ಕಮ್ಮಿ ಮಿಂಚು ಜಾಸ್ತಿ, ತಿಳಿನೀರಲ್ಲಿ ಸ್ವಲ್ಪ ಬೀಸಾಗಿ ಎಳೆದ್ರೆ ಅಲ್ಲಿರೋ ಶ್ಯಾಡ್ ಅನ್ನೋ ಬೆಳ್ಳಿ ಮೀನಿನ ಗುಂಪೇ ಓಡಿದ ಹಾಗೆ ಕಾಣುತ್ತೆ. ಇವೆರಡರ ಮಧ್ಯದ್ದು ಇಂಡಿಯಾನಾ. ಬಣ್ಣದ ತಲೆನೋವು ಜಾಸ್ತಿ ಬೇಡ, ತಿಳಿನೀರಿಗೆ ಬೆಳ್ಳಿ ರೇಕು ಬಿಳಿ ಲಂಗ, ಕದಡಿದ ನೀರಿಗೆ ಚಿನ್ನದ ಬಣ್ಣದ ರೇಕು ಗಿಳಿಹಸಿರು ಲಂಗ, ನನಗಂತೂ ಇಷ್ಟರಲ್ಲೇ ನಡೀತಾ ಇದೆ.

ಈಗ ನಿಮ್ಮ "ಒಂದೇ ಸಮ" ವಿಷಯಕ್ಕೆ ಬರ್ತೀನಿ. ತಪ್ಪಿರೋದು ಅಲ್ಲೇ. ಮಾರ್ಚ್‌ನಲ್ಲಿ ಬಾಸ್ ಮೊಟ್ಟೆ ಇಡೋಕೆ ಮುಂಚೆ ದಡದ ಕಡೆ ಬರ್ತಾ ಇರುತ್ತೆ, ನೀರು ಇನ್ನೂ ತಣ್ಣಗೆ, ಓಡೋ ತಿಂಡಿ ಅಟ್ಟಿಸ್ಕೊಂಡು ಹೋಗೋ ಮನಸ್ಸಿರಲ್ಲ ಅದಕ್ಕೆ. ಆಗ ಅರ್ಧ ಔನ್ಸೋ ಮುಕ್ಕಾಲು ಔನ್ಸೋ ತೂಕದ್ದು ಹಾಕಿ ತಳ ಮುಟ್ಟೋವರೆಗೂ ಬಿಟ್ಟು, ರೇಕು ತಿರುಗುತ್ತೋ ಇಲ್ವೋ ಅನ್ನೋಷ್ಟು ನಿಧಾನಕ್ಕೆ ಎಳೀಬೇಕು, ಇದಕ್ಕೆ ಸ್ಲೋ ರೋಲ್ ಅಂತಾರೆ, ನನ್ನ ಕೈಗೆ ಇದು ಬರೋಕೆ ಮೂರು ವಾರ ಬೇಕಾಯ್ತು ಯಾಕಂದ್ರೆ ಖಾಲಿ ಬರೋವಾಗ ಕೈ ತಾನಾಗೇ ಅವಸರ ಮಾಡುತ್ತೆ. ಬೇಸಿಗೆ ಬೆಳಗಿನ ಜಾವ ಮೀನು ಮೇಲೆದ್ದು ಬೇಟೆ ಆಡ್ತಿದ್ರೆ ಅದೇ ಬೈಟನ್ನ ಕಡ್ಡಿ ಎತ್ತಿ ಹಿಡಿದು ನೀರಿನ ಮೇಲ್ಮೈ ಉಬ್ಬೋ ಹಾಗೆ, ಆದ್ರೆ ಬೈಟ್ ಅದನ್ನ ಸೀಳ್ಕೊಂಡು ಹೊರಗೆ ಬರದ ಹಾಗೆ ಎಳೀಬೇಕು. ಅದೇ ವಸ್ತು, ಆದ್ರೆ ಪೂರ್ತಿ ಬೇರೆ ಕೆಲಸ.

ಇನ್ನು ಬೊಡ್ಡೆಗಳು. ನಾನು ಮೊದಮೊದ್ಲು ಸಿಕ್ಕಾಕ್ಕೊಳ್ಳುತ್ತೆ ಅಂತ ಹೆದರಿ ದೂರದಲ್ಲೇ ಎಳೀತಿದ್ದೆ. ಪಕ್ಕದ್ಮನೆಯವರು ಬೈದೇಬಿಟ್ರು. ಮೇಲಿನ ತಂತಿ ಕೊಕ್ಕೆಗೆ ಅಡ್ಡ ನಿಲ್ಲೋದ್ರಿಂದ ಇದು ಕಡ್ಡಿ ಕಸದಲ್ಲಿ ಸುಲಭಕ್ಕೆ ಸಿಗೋದಿಲ್ಲ, ಹಾಗಾಗಿ ಬೊಡ್ಡೆ ಆಚೆಗೆ ಎಸೆದು ಬೇಕಂತಲೇ ಬೊಡ್ಡೆಗೆ ಢಿಕ್ಕಿ ಹೊಡೆಸಬೇಕು, ತಗುಲಿದ ತಕ್ಷಣ ಒಂದು ಕ್ಷಣ ರೀಲ್ ನಿಲ್ಲಿಸಿದ್ರೆ ರೇಕು ತಿರುಗ್ತಾ ಕೆಳಗೆ ಇಳಿಯುತ್ತೆ, ನೆರಳಲ್ಲಿ ಅವಿತು ಕೂತಿರೋ ಬಾಸ್ ಹೊಡಿಯೋದು ಬಹಳ ಸಲ ಆಗಲೇ. ನನ್ನ ಮೊದಲ ಮೀನು ಹಾಗೇ ಬಂದಿದ್ದು. ಎಳೆತ ಏನೂ ಬರ್ಲಿಲ್ಲ, ಕೈಗೆ ಬರ್ತಿದ್ದ ಡುಗುಡುಗು ಪಟ್ ಅಂತ ನಿಂತೋಯ್ತು, ಅಷ್ಟೇ. ರೇಕಿಗೆ ಕಸ ಸಿಕ್ತು ಅಂದ್ಕೊಂಡೆ. ಅದುರು ನಿಂತ್ರೆ ಮೀನು ಬೈಟ್ ಬಾಯಲ್ಲಿಟ್ಕೊಂಡು ನಿಮ್ಮ ಕಡೆಗೇ ಬರ್ತಿರಬಹುದು, ಬೇಗ ಸುತ್ತಿ ಭಾರ ಕೈಗೆ ಸಿಕ್ಕಿದ ಮೇಲೆ ಕಡ್ಡಿ ಎತ್ತಬೇಕು. ಬೆಂಡು ನೋಡಿ ಬೆಳೆದ ಕಣ್ಣಿಗೆ ಇದು ಕಷ್ಟ, ಇಲ್ಲಿ ನೋಡೋಕೆ ಏನೂ ಇಲ್ಲ, ಎಲ್ಲಾ ಅಂಗೈಲೇ. ಆವತ್ತಿನ ಮೀನು ಹದಿನೆಂಟು ಇಂಚು. ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ಬಾಸ್ ಇಟ್ಕೊಳ್ಳೋ ಹಾಗಿಲ್ಲ, ವಾಪಸ್ ಬಿಟ್ವಿ. ಸಾರಿಗೆ ಮಸಾಲೆ ರೆಡಿ ಮಾಡಿಟ್ಟಿದ್ದ ನಮ್ಮನೆಯವಳಿಗೆ ಇವತ್ತಿಗೂ ಆ ಕೋಪ ಇದೆ.

ಗಾಳಿ ಬೀಸಿ ಅಲೆ ಎದ್ದ ದಿನ ಮನೇಲಿ ಕೂರಬೇಡಿ, ಅದೇ ಸ್ಪಿನ್ನರ್‌ಬೈಟ್ ದಿನ, ಅಲೆ ಬಡಿಯೋ ದಡಕ್ಕೇ ಸಣ್ಣ ಮೀನು ಬರುತ್ತೆ, ಹಿಂದೇನೇ ಬಾಸ್. ಬೈಟ್ ಕಚ್ಚಿ ಕಚ್ಚಿ ತಪ್ಪಿಸ್ಕೊಳ್ತಿದ್ರೆ ಕೊಕ್ಕೆ ಹಿಂದೆ ಇನ್ನೊಂದು ಕೊಕ್ಕೆ ಪೋಣಿಸಿ. ಮತ್ತೆ ಬೈಟ್‌ಕಾಸ್ಟರ್ ರೀಲಲ್ಲಿ (ಎಸೆದಾಗ ಉರುಳೆನೇ ತಿರುಗಿ ತಂಗೂಸಿ ಬಿಡೋ ಥರದ್ದು) ಗಾಳಿಗೆ ಎದುರು ಎಸೀಬೇಡಿ, ತಂಗೂಸಿ ಒಳಗೆ ಜಡೆ ಸಿಕ್ಕಿನ ಥರ ಆಗಿ ನಾನು ಒಂದಿಡೀ ಮಧ್ಯಾಹ್ನ ಬಿಡಿಸ್ತಾ ಕೂತಿದ್ದೆ.

ಲೇಖನದ ಕೊನೇಲಿ ನಮ್ಮ ಕೆರೆಗಳಿಗೂ ಬಾಸ್ ಮರಿ ಬಿಟ್ರೆ ಟೂರಿಸಂ ಬೆಳೆಯುತ್ತೆ ಅಂದಿದ್ದೀರಿ, ದಯವಿಟ್ಟು ಆ ಮಾತು ವಾಪಸ್ ತಗೊಳ್ಳಿ. ಜಪಾನಿಗೆ 1925ರಲ್ಲಿ ಈ ಮೀನು ತಂದು ಆಶಿ ಸರೋವರಕ್ಕೆ ಬಿಟ್ರು, ಅದು ದೇಶವೆಲ್ಲಾ ಹರಡಿ ಅಲ್ಲಿನ ಸಣ್ಣ ಮೀನು ನುಂಗಿ ನುಂಗಿ ಕೊನೆಗೆ 2005ರಲ್ಲಿ ಕಾನೂನು ಮಾಡಿ ಸಾಕೋದು, ಸಾಗಿಸೋದು, ಬಿಡೋದು ಎಲ್ಲಾ ನಿಲ್ಲಿಸಬೇಕಾಯ್ತು. ತಮಾಷೆ ಅಂದ್ರೆ 1932ರಲ್ಲಿ ಜಾರ್ಜಿಯಾದಲ್ಲಿ ಆಗಿದ್ದ 22 ಪೌಂಡ್ 4 ಔನ್ಸ್ ವಿಶ್ವದಾಖಲೆಗೆ ಸರಿಸಮ ಮೀನು ಸಿಕ್ಕಿದ್ದು 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲೇ. ಅಷ್ಟು ಚೆನ್ನಾಗಿ ಕೊಬ್ಬುತ್ತೆ ಅದು. ಆಫ್ರಿಕನ್ ಕ್ಯಾಟ್‌ಫಿಶ್ ನಿಷೇಧ ಆದ್ಮೇಲೂ ನಮ್ಮ ಹೊಂಡಗಳಲ್ಲಿ ಕದ್ದು ಸಾಕ್ತಿರೋದು ನಿಮ್ಮ ಪೇಪರಲ್ಲೇ ಓದಿದ್ದೀನಿ, ಕಾವೇರಿಯ ಡುಬ್ಬದ ಮಹಶೀರ್ ಮೀನು ಅಳಿವಿನ ಅಂಚಿಗೆ ಬಂದು ನಿಂತಿದೆ, ಇದರ ಮೇಲೆ ಇನ್ನೊಂದು ಬಾಯಿ ಬೇಕಾ?

ಮೋಜಿರೋದು ಎಳೆಯೋ ಕೈಲಿ, ಅದಕ್ಕೆ ಬಾಸೇ ಆಗಬೇಕಂತಿಲ್ಲ. ನಮ್ಮ ಕೊರವ ಮೀನು ಏನು ಕಮ್ಮಿನಾ, ಅದೂ ಹೀಗೇ ಜೊಂಡಲ್ಲಿ ಅವಿತು ಓಡೋದನ್ನ ಹೊಡೆಯೋ ಜಾತಿ. ಬರೋ ತಿಂಗಳು ಊರಿಗೆ ಬರ್ತಿದ್ದೀನಿ, ಚೆಕ್-ಇನ್ ಬ್ಯಾಗಲ್ಲಿ ಮೂರು ಸ್ಪಿನ್ನರ್‌ಬೈಟ್ ಇಟ್ಟಿದ್ದೀನಿ, ಎರಡು ಕೊಲರಾಡೋ ಒಂದು ವಿಲ್ಲೋ. ನಮ್ಮೂರ ಕೆರೆ ಟೆಂಡರ್ ಹಿಡಿದಿರೋರ ಹತ್ರ ಫೋನಲ್ಲೇ ಒಪ್ಪಿಗೆ ಕೇಳಿದ್ದೂ ಆಗಿದೆ, ಹಿಡಿದ್ರೆ ದುಡ್ಡು ಕೊಡಿ ಮೇಷ್ಟ್ರೇ ಅಂದಿದ್ದಾರೆ.

ಫೋಟೋ ವಿಷಯ ಮರ್ತಿದ್ದೆ. ಕೆಳಗೆ ಲಾರ್ಜ್‌ಮೌತ್ ಅಂತ ಹಾಕಿದ್ದೀರಿ, ಅದು ಸ್ಮಾಲ್‌ಮೌತ್ ಅನ್ನೋ ಬೇರೆ ಜಾತಿ ಬಾಸ್. ಲಾರ್ಜ್‌ಮೌತ್ ಆದ್ರೆ ಬಾಯಿ ಮುಚ್ಚಿದಾಗ ಮೇಲ್ದವಡೆ ಕಣ್ಣು ದಾಟಿ ಹಿಂದಕ್ಕೆ ಹೋಗಿರುತ್ತೆ, ಮೈಮೇಲೆ ಉದ್ದಕ್ಕೆ ಕಪ್ಪು ಪಟ್ಟೆ ಇರುತ್ತೆ, ನಿಮ್ಮ ಮೀನಿಗೆ ಪಟ್ಟೆಗಳು ಮೇಲಿಂದ ಕೆಳಕ್ಕಿವೆ.

— ಮಳವಳ್ಳಿ ಕಡೆಯ ನಿವೃತ್ತ ಮೇಷ್ಟ್ರು, ಸದ್ಯಕ್ಕೆ ಟೆಕ್ಸಾಸ್