ಫೇಲಿಕ್ಸ ಮುಂದೂಡಿದ ಕೇಸು: ನ್ಯಾಯಾಧೀಶರಿಗೆ ಒಂದು ಬಹಿರಂಗ ಪತ್ರ

ಮಾನ್ಯ ನ್ಯಾಯಾಧೀಶರೇ,

ನಮಸ್ಕಾರ. ನೀವು ಹೊಸದಾಗಿ ನ್ಯಾಯಪೀಠ ಏರಿದ್ದೀರಿ. ಪ್ರಮಾಣ ಮಾಡುವಾಗ ದೇವರ ಹೆಸರು ಹೇಳಿದಿರಿ. ನೀವೂ ನನ್ನಂತೆ ಕ್ರಿಸ್ತನನ್ನು ನಂಬಿದವರು. ಆ ಸಲುಗೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಬೈಬಲ್ ನೋಡಿ ತೀರ್ಪು ಬರೆಯಿರಿ ಎಂದು ನಾನು ಕೇಳುತ್ತಿಲ್ಲ. ನಿಮ್ಮ ಮುಂದೆ ಎಲ್ಲ ನಂಬಿಕೆಯವರೂ ಬರುತ್ತಾರೆ, ಏನನ್ನೂ ನಂಬದವರೂ ಬರುತ್ತಾರೆ. ಅವರಿಗೆಲ್ಲ ಕಾನೂನು ಒಂದೇ ಆಗಿರಬೇಕು. ನನ್ನ ಮಾತು ತೀರ್ಪು ಕೊಡುವ ಮನುಷ್ಯನ ಬಗ್ಗೆ, ಅಂದರೆ ನಿಮ್ಮ ಬಗ್ಗೆ.

ಯೆಹೂದದ ಅರಸ ಯೆಹೋಷಾಫಾಟ ಕೋಟೆಯಿದ್ದ ಊರುಗಳಿಗೆಲ್ಲ ನ್ಯಾಯಾಧಿಪತಿಗಳನ್ನು ನೇಮಿಸಿದ. ಅವರಿಗೆ ಅವನು ಹೇಳಿದ ಬುದ್ಧಿಮಾತು ಬೈಬಲಿನ 2 ಪೂರ್ವಕಾಲವೃತ್ತಾಂತ 19ನೇ ಅಧ್ಯಾಯದಲ್ಲಿದೆ. ಎಚ್ಚರ, ನೀವು ನ್ಯಾಯ ತೀರಿಸುವುದು ಮನುಷ್ಯರಿಗಾಗಿ ಅಲ್ಲ, ದೇವರಿಗಾಗಿ ಎಂದ. ನೇಮಿಸಿದವನು ಅರಸ. ಆದರೂ 'ನನಗಾಗಿ' ಎನ್ನಲಿಲ್ಲ ನೋಡಿ. ವಿಮೋಚನಕಾಂಡ 23 ಇನ್ನೂ ಬಿಗಿ. ಗುಂಪಿನ ಜೊತೆ ಸೇರಿ ನ್ಯಾಯ ಕೆಡಿಸಬೇಡ, ಲಂಚ ತೆಗೆದುಕೊಳ್ಳಬೇಡ, ಬಡವನೆಂದು ಕೂಡ ಪಕ್ಷಪಾತ ಮಾಡಬೇಡ ಎನ್ನುತ್ತದೆ. ಆ ಕೊನೆಯ ಮಾತು ನನಗೆ ಮೊದಲು ಕಷ್ಟವಾಯಿತು. ಎದುರಿಗೆ ನಿಂತಿರುವ ಇನ್ನೊಬ್ಬನ ಹಕ್ಕನ್ನು ತೆಗೆದು ಕರುಣೆ ತೋರಿಸುವ ಅಧಿಕಾರ ಯಾರಿಗೂ ಇಲ್ಲ ಎನ್ನುವುದು ಆಮೇಲೆ ಹೊಳೆಯಿತು.

ಆದರೆ ನಾನು ನಿಮಗೆ ಮುಖ್ಯವಾಗಿ ನೆನಪಿಸಬೇಕು ಅಂತ ಇರುವುದು ಫೇಲಿಕ್ಸನನ್ನು. ಯೇಸುವನ್ನು ಶಿಲುಬೆಗೆ ಒಪ್ಪಿಸಿದ ಪಿಲಾತನ ಹಾಗೆ ಇವನೂ ಯೂದಾಯ ಸೀಮೆಯ ರೋಮನ್ ಅಧಿಪತಿ. ಅಪೊಸ್ತಲರ ಕೃತ್ಯಗಳು 24ನೇ ಅಧ್ಯಾಯದಲ್ಲಿ ಬರುತ್ತಾನೆ. ಕೈಸರೈಯ ಪಟ್ಟಣದಲ್ಲಿ ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲನ ವಿಚಾರಣೆ ನಡೆಯುತ್ತದೆ. ಎರಡೂ ಕಡೆಯ ಮಾತು ಮುಗಿಯುತ್ತದೆ. ಪೌಲನನ್ನು ಕಳಿಸಿಕೊಟ್ಟಿದ್ದ ಸೇನಾಧಿಕಾರಿ, ಸಹಸ್ರಾಧಿಪತಿ ಲೂಸ್ಯ ಬರಲಿ, ಆಮೇಲೆ ತೀರ್ಮಾನಿಸುತ್ತೇನೆ ಎಂದು ಫೇಲಿಕ್ಸ ಕೇಸನ್ನು ಮುಂದಕ್ಕೆ ಹಾಕುತ್ತಾನೆ. ಕೆಲವು ದಿನ ಕಳೆದು ಪೌಲನನ್ನು ಕರೆಸುತ್ತಾನೆ. ಪೌಲ ನೀತಿಯ ಬಗ್ಗೆ, ತನ್ನನ್ನು ತಾನು ಹಿಡಿತದಲ್ಲಿಟ್ಟುಕೊಳ್ಳುವ ಬಗ್ಗೆ, ಮುಂದೆ ಬರುವ ನ್ಯಾಯತೀರ್ಪಿನ ಬಗ್ಗೆ ಮಾತಾಡುತ್ತಾನೆ. ಫೇಲಿಕ್ಸನಿಗೆ ಭಯವಾಗುತ್ತದೆ. ಕೈದಿ ಮಾತಾಡುತ್ತಿದ್ದಾನೆ, ನ್ಯಾಯಾಧಿಪತಿ ನಡುಗುತ್ತಿದ್ದಾನೆ! ಸದ್ಯಕ್ಕೆ ಹೋಗು, ಸಮಯ ಸಿಕ್ಕಾಗ ಕರೆಸುತ್ತೇನೆ ಎಂದು ಕಳಿಸಿಬಿಡುತ್ತಾನೆ. ಪೌಲನಿಂದ ಹಣ ಸಿಗಬಹುದು ಎಂಬ ಆಸೆಯೂ ಅವನಿಗಿತ್ತು. ಅದಕ್ಕೇ ಮತ್ತೆ ಮತ್ತೆ ಕರೆಸುತ್ತಿದ್ದ. ಹೀಗೇ 2 ವರ್ಷ ಹೋಯಿತು. ಕೊನೆಗೆ ಅವನ ಜಾಗಕ್ಕೆ ಫೆಸ್ತ ಬಂದ. ಜನರ ಮೆಚ್ಚುಗೆಗಾಗಿ ಫೇಲಿಕ್ಸ ಪೌಲನನ್ನು ಸೆರೆಯಲ್ಲೇ ಬಿಟ್ಟು ಹೋದ.

ಫೇಲಿಕ್ಸ ತಪ್ಪು ತೀರ್ಪು ಕೊಡಲಿಲ್ಲ. ತೀರ್ಪನ್ನೇ ಕೊಡಲಿಲ್ಲ. ಆ 2 ವರ್ಷಕ್ಕೂ ಅವನು ದೇವರಿಗೆ ಲೆಕ್ಕ ಕೊಡಬೇಕು ಎಂದೇ ನಾನು ನಂಬುತ್ತೇನೆ. ಮುಂದಿನ ತಾರೀಖಿಗಾಗಿ ಕಾದು ಕಾದು ವರ್ಷ ಕಳೆದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ, ಅಲ್ವಾ?

ಯೇಸುವನ್ನು ಶಿಲುಬೆಗೆ ಒಪ್ಪಿಸುವಾಗ, ಈ ರಕ್ತಕ್ಕೆ ನಾನು ಹೊಣೆಯಲ್ಲ ಎಂದು ಪಿಲಾತ ಕೈ ತೊಳೆದುಕೊಂಡದ್ದು ನಿಮಗೆ ಗೊತ್ತೇ ಇದೆ. ಧರ್ಮೋಪದೇಶಕಾಂಡ 21ರಲ್ಲೂ ಕೈ ತೊಳೆಯುವ ಒಂದು ಕ್ರಮವಿದೆ. ಬಯಲಲ್ಲಿ ಹೆಣ ಸಿಕ್ಕಿ, ಕೊಂದವನು ಯಾರೆಂದು ತಿಳಿಯದಿದ್ದರೆ ಹತ್ತಿರದ ಊರಿನ ಹಿರಿಯರು ಕೈ ತೊಳೆಯಬೇಕಿತ್ತು. ಈ ರಕ್ತವನ್ನು ನಮ್ಮ ಕೈ ಸುರಿಸಲಿಲ್ಲ, ನಮ್ಮ ಕಣ್ಣು ನೋಡಲಿಲ್ಲ ಎಂದು ಹೇಳಬೇಕಿತ್ತು. ಪಿಲಾತನಿಗೆ ಆ ಮಾತು ಹೇಳುವ ಹಾಗಿರಲಿಲ್ಲ. ಅವನ ಕಣ್ಣು ನೋಡಿತ್ತು. ಯೇಸುವಿನಲ್ಲಿ ತಪ್ಪು ಕಾಣಲಿಲ್ಲ ಎಂದು ಅವನ ಬಾಯೇ ಹೇಳಿತ್ತು. ಮೇಲಿನಿಂದ ಕೊಡದಿದ್ದರೆ ನಿನಗೆ ನನ್ನ ಮೇಲೆ ಅಧಿಕಾರವೇ ಇರುತ್ತಿರಲಿಲ್ಲ ಎಂದು ಯೇಸು ಅವನಿಗೆ ನೇರವಾಗಿ ಹೇಳಿದ್ದ.

ಅವತ್ತು ಪಿಲಾತ ಕೂತ ನ್ಯಾಯಾಸನಕ್ಕೆ ಗ್ರೀಕಿನಲ್ಲಿ ಬೇಮಾ ಎನ್ನುತ್ತಾರೆ. ನಾವೆಲ್ಲರೂ ಕ್ರಿಸ್ತನ ನ್ಯಾಯಾಸನದ ಮುಂದೆ ನಿಲ್ಲಬೇಕು ಎಂದು ಪೌಲ ಕೊರಿಂಥ ಊರಿನ ವಿಶ್ವಾಸಿಗಳಿಗೆ ಬರೆದಾಗಲೂ ಅದೇ ಪದ ಬಳಸಿದ. ಆ ಸಾಲು ಓದಿದಾಗಲೆಲ್ಲ ನನಗೆ ಪಿಲಾತ ನೆನಪಾಗುತ್ತಾನೆ. ಅವತ್ತು ಅವನ ಮುಂದೆ ಕಟ್ಟಿಸಿಕೊಂಡು ನಿಂತಿದ್ದವನೇ ಆ ಆಸನದಲ್ಲಿ ಕೂತಿರುತ್ತಾನೆ.

ನಿಮ್ಮನ್ನು ಹೆದರಿಸಲು ಸುಮ್ನೆ ಹೀಗೆ ಬರೆಯುತ್ತಿಲ್ಲ. ಮನುಷ್ಯ ಪ್ರಾಮಾಣಿಕವಾಗಿಯೂ ತಪ್ಪಬಹುದು. ಅದನ್ನು ತಿದ್ದಲು ಮೇಲಿನ ಕೋರ್ಟುಗಳಿವೆ. ಅರಸ ಸೊಲೊಮೋನ ಜನರಿಗೆ ನ್ಯಾಯ ತೀರಿಸಲು ವಿವೇಕ ಕೊಡು ಎಂದು ಬೇಡಿಕೊಂಡಾಗ ದೇವರಿಗೆ ಸಂತೋಷವಾಯಿತು. ನಿಮಗಾಗಿ ನಾನೂ ಅದನ್ನೇ ಬೇಡುತ್ತೇನೆ.

ಒಂದೇ ವಿನಂತಿ. ವಾದ ಮುಗಿದು ತೀರ್ಪಿಗಾಗಿ ಕಾದಿರುವ ಕಡತಗಳು ನಿಮ್ಮ ಮೇಜಿನ ಮೇಲೂ ಇರುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ಹಳೆಯದನ್ನು ನಾಳೆ ಬೆಳಗ್ಗೆ ಮೊದಲು ತೆಗೆಯಿರಿ.

ಇಂತಿ,
ನಿಮಗಾಗಿ ಪ್ರಾರ್ಥಿಸುವ ಒಬ್ಬ ವಿಶ್ವಾಸಿ