ಗೋಳಗುಮ್ಮಟದ ರಸ್ತೆಯ ಚಪ್ಪಲಿ ಹೊಲಿಯುವ ಕಾಕಾನಿಗೆ

ನಾನು ವಿಜಯಪುರದವಳು, ಡಿಗ್ರಿ ಎರಡನೇ ವರ್ಷ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಹಾಯಿದೋಣಿ ರೇಸ್ ಇತ್ತು, ನಂದು ಕ್ರೂ ಕೆಲಸ, ಅಂದರೆ ಚುಕ್ಕಾಣಿ ಹಿಡಿದವರಿಗೆ ಜೊತೆಗಾರ್ತಿ. ದೋಣಿಯ ಹೆಸರು 420. ನಗಬೇಡಿ, ಉದ್ದ 4.2 ಮೀಟರ್, ಅದಕ್ಕೇ ಆ ಹೆಸರು. ಗಾಳಿ ಜೋರಾದಾಗ ದೋಣಿ ವಾಲದಂತೆ ಕ್ರೂ ಆದವರು ಸೊಂಟದ ಬೆಲ್ಟಿನ ಕೊಕ್ಕೆಯನ್ನು ಕಂಬದಿಂದ ಇಳಿದ ತಂತಿಗೆ ಸಿಕ್ಕಿಸಿ, ಅಂಚಿಗೆ ಕಾಲು ಕೊಟ್ಟು, ಇಡೀ ಮೈಯನ್ನು ನೀರಿನ ಮೇಲೆ ಚಾಚಬೇಕು. ಹೊರಡುವ ಸಂಜೆ ನೋಡಿದರೆ ಆ ಬೆಲ್ಟಿನ ಹೊಲಿಗೆಯೇ ಬಿಟ್ಟಿತ್ತು! ಬಸ್ಸಿಗೆ ಒಂದೂವರೆ ಗಂಟೆ ಬಾಕಿ. ಎರಡು ಟೇಲರ್ ಅಂಗಡಿಯಲ್ಲಿ ಸೂಜಿ ಮುರಿಯುತ್ತೆ ಅಂದರು.

ನೀವು ಆಗಲೇ ಸಾಮಾನು ಕಟ್ಟಿದ್ದಿರಿ. ಬೆಲ್ಟ್ ತಿರುಗಿಸಿ ನೋಡಿ, ಸುಮ್ನೆ ಚೀಲ ಮತ್ತೆ ಬಿಚ್ಚಿದಿರಿ. ನೈಲಾನ್ ದಾರಕ್ಕೆ ಮೇಣ ಸವರಿ ಎರಡು ಸಾಲು ಹೊಲಿದಿರಿ, ನಾನು ಮೊಬೈಲ್ ಟಾರ್ಚ್ ಹಿಡಿದಿದ್ದೆ.

"ನಿನ್ನ ತೂಕ ಎಷ್ಟವ್ವಾ?"

ಐವತ್ತೆರಡು ಅಂದೆ. ಬೇವಿನ ಕೊಂಬೆಗೆ ಬೆಲ್ಟ್ ಹಾಕಿ ನೀವೇ ಜೋತುಬಿದ್ದಿರಿ! "ನಾ ಅರವತ್ತೈದ ಅದೀನಿ. ನನ್ನ ತಡದೈತಿ, ನಿನ್ನೂ ತಡೀತೈತಿ."

ತಗೊಂಡಿದ್ದು 40 ರೂಪಾಯಿ. ಉಳಿದ ದಾರವನ್ನು ಸೂಜಿ ಸಮೇತ ಕಾಗದದಲ್ಲಿ ಸುತ್ತಿ ಕೊಟ್ಟಿರಿ.

ಮೊದಲ ಸಲ ತಂತಿಗೆ ಜೋತಾಗ ನನ್ನ ಕಣ್ಣು ನೀರಿನ ಮೇಲಲ್ಲ, ನಿಮ್ಮ ಹೊಲಿಗೆ ಮೇಲಿತ್ತು. ಮೂರು ದಿನ ಒಂದು ಎಳೆಯೂ ಬಿಡಲಿಲ್ಲ. ನಮಗೆ ಬಂದಿದ್ದು ಹನ್ನೊಂದನೇ ಸ್ಥಾನ, ಅದು ಗಾಳಿಯ ಅಂದಾಜು ತಪ್ಪಿದ್ದಕ್ಕೆ, ಬೆಲ್ಟಿನ ತಪ್ಪಲ್ಲ.

ಹೆಸರು ಕೇಳೋದೇ ಮರೆತೆ ಕಾಕಾ. ಎರಡು ಸಲ ಬಂದೆ, ನೀವಿರಲಿಲ್ಲ. ಆ ಬೇವಿನ ಮರದ ಕಡೆ ಓಡಾಡುವವರು ಯಾರಾದರೂ ಇದನ್ನು ಅವರಿಗೆ ಓದಿ ಹೇಳಿ.