ನಡುವೆಯೇ ನಿಲ್ಲುವ ಕಾರ್ಯಾಚರಣೆಗಳು

ಮಾನ್ಯ ಸಂಪಾದಕರೇ,

ಅಸ್ಸಾಂನ ಸಶಸ್ತ್ರ ಪ್ರತ್ಯೇಕತಾವಾದಿ ಸಂಘಟನೆ ಉಲ್ಫಾದ ಮಾತುಕತೆ ಪರ ಬಣದೊಂದಿಗೆ 2023ರ ಡಿಸೆಂಬರ್ 29ರಂದು ಶಾಂತಿ ಒಪ್ಪಂದವಾಯಿತು. ಸಂತೋಷ. ಆದರೆ ಅಸ್ಸಾಂ ಅಷ್ಟು ದೀರ್ಘ ಕಾಲ ಕಾಯಬೇಕಾಗಿ ಬಂದುದರಲ್ಲಿ ದೆಹಲಿಯ ಮೀನಮೇಷದ ಪಾಲೆಷ್ಟು ಎಂದು ಕೇಳುವವರು ಕಡಿಮೆ.

1990ರ ನವೆಂಬರ್ ಕೊನೆಯಲ್ಲಿ ಅಸ್ಸಾಂನಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಿ ಉಲ್ಫಾ ವಿರುದ್ಧ ಸೇನೆಯ 'ಆಪರೇಷನ್ ಬಜರಂಗ್' ಆರಂಭಿಸಲಾಯಿತು. ಸುದ್ದಿ ಮೊದಲೇ ಸೋರಿತ್ತು. ಸೇನೆ ಶಿಬಿರ ಮುಟ್ಟುವ ಹೊತ್ತಿಗೆ ನಾಯಕರು ಜಾಗ ಖಾಲಿ ಮಾಡಿದ್ದರು. ಲಖಿಪಥಾರ್ ಕಾಡಿನಲ್ಲಿ ಉಲ್ಫಾ ಕೊಂದು ಹೂತವರ ಹೆಣಗಳು ಸಿಕ್ಕವು. ಚುನಾವಣೆ ಹತ್ತಿರ ಬಂದದ್ದೇ 1991ರ ಏಪ್ರಿಲ್‌ನಲ್ಲಿ ಕಾರ್ಯಾಚರಣೆ ನಿಂತಿತು. ಹಿತೇಶ್ವರ ಸೈಕಿಯಾ ಮುಖ್ಯಮಂತ್ರಿಯಾಗಿ ಅಧಿಕಾರ ವಹಿಸಿಕೊಂಡ ಬೆನ್ನಲ್ಲೇ, ಜುಲೈ 1ರಂದು, ಉಲ್ಫಾ ಹಲವು ಅಧಿಕಾರಿಗಳನ್ನು ಅಪಹರಿಸಿತು. ಅವರೊಂದಿಗೆ ಒತ್ತೆಯಾಳಾಗಿದ್ದ ಸೋವಿಯತ್ ಎಂಜಿನಿಯರ್ ಒಬ್ಬರು ಕೊಲೆಯಾದರು. ಸೆಪ್ಟೆಂಬರ್‌ನಲ್ಲಿ ಸೇನೆಯ ಎರಡನೇ ಕಾರ್ಯಾಚರಣೆ 'ಆಪರೇಷನ್ ರೈನೊ' ಶುರುವಾಯಿತು. ಸಂಘಟನೆ ಸೊರಗುತ್ತಿದ್ದಾಗಲೇ, 1992ರ ಜನವರಿಯಲ್ಲಿ, ಮಾತುಕತೆಯ ಭರವಸೆ ನಂಬಿ ಅದನ್ನೂ ನಿಲ್ಲಿಸಲಾಯಿತು. ಉಲ್ಫಾದ ಸಶಸ್ತ್ರ ಪಡೆಯ ಮುಖ್ಯಸ್ಥ ಪರೇಶ್ ಬರುವಾ ಆ ಮಾತುಕತೆಯನ್ನೇ ಒಪ್ಪಲಿಲ್ಲ. ಶರಣಾದವರಲ್ಲಿ ಹಲವರ ಕೈಯಲ್ಲಿ ಆಯುಧಗಳು ಉಳಿದವು. 'ಸುಲ್ಫಾ' (ಶರಣಾದ ಉಲ್ಫಾ) ಎಂದು ಹೆಸರಾಗಿ ಸುಲಿಗೆಗಿಳಿದವರು ಅವರಲ್ಲೇ ಇದ್ದರು. 2006ರಲ್ಲೂ ಅದೇ ಆಟ: ಸೇನಾ ಕಾರ್ಯಾಚರಣೆ ಆಗಸ್ಟ್‌ನಲ್ಲಿ ಸ್ಥಗಿತ, ಸೆಪ್ಟೆಂಬರ್‌ನಲ್ಲಿ ಪುನರಾರಂಭ. 2007ರ ಜನವರಿಯಲ್ಲಿ ಹಿಂದಿ ಮಾತನಾಡುವ ಬಡ ಕೂಲಿಕಾರರ ಹತ್ಯಾಕಾಂಡ ನಡೆಯಿತು.

ಈ ಹೊಯ್ದಾಟದ ಬೆಲೆ ತೆರುವವರು ಹಳ್ಳಿಗರು. ಸೇನೆಗೆ ದಾರಿ ತೋರಿಸಿದವನು, ಸೇನೆ ಹಿಂತಿರುಗಿದ ಮೇಲೆ ಅದೇ ಊರಿನಲ್ಲಿ ಬದುಕಬೇಕು. ಬಂದೂಕು ಹಿಡಿದವರು ಮರಳಿ ಬಂದರೆ ಅವನನ್ನು ಕಾಯುವವರು ಯಾರು? ಒಮ್ಮೆ ಹೀಗಾದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ. ಮಾಹಿತಿ ಇಲ್ಲದ ಯೋಧ ಮನೆಮನೆ ಶೋಧಿಸುತ್ತಾನೆ, ಅಮಾಯಕರು ನಲುಗುತ್ತಾರೆ, ಅವರ ಸಿಟ್ಟು ಉಗ್ರರಿಗೆ ಹೊಸ ಹುಡುಗರನ್ನು ಒದಗಿಸುತ್ತದೆ.

ನಾನು ಮಾತುಕತೆಯ ವಿರೋಧಿಯಲ್ಲ. ಸ್ವದೇಶದ ಜನರ ಮೇಲೆ ಸೇನೆ ಬಿಡುವುದೇ ನೋವಿನ ಸಂಗತಿ. ಹಿಂಜರಿಕೆ ಇರಲಿ, ಆದರೆ ಅದು ಆದೇಶ ಹೊರಡಿಸುವ ಮೊದಲು ಇರಲಿ. ಕಾರ್ಯಾಚರಣೆ ನಿಲ್ಲಿಸುವುದಾದರೆ ಆಯುಧಗಳು ಎಲ್ಲಿ, ಯಾರ ವಶದಲ್ಲಿ, ಎಷ್ಟು ದಿನದೊಳಗೆ ಎಂಬ ಷರತ್ತುಗಳನ್ನು ಸರ್ಕಾರ ಸಂಸತ್ತಿನ ಮುಂದೆ ಲಿಖಿತವಾಗಿ ಇಡಬೇಕು. ಷರತ್ತು ಮುರಿದರೆ ಮುಂದೇನು ಎಂಬುದನ್ನೂ ಅದೇ ದಿನ ಹೇಳಬೇಕು.

ಇಂತಿ,
ನಿಮ್ಮ ಓದುಗ